ಓದಲು ಬಾರದ ಕುರ್‌ಆನ್ ಪುಟ: ದೋಹಾ ಮ್ಯೂಸಿಯಂಗೆ ಹೊರಟವರಿಗೆ

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಉಪ್ಪಳದವರು. ಗಂಡ ದೋಹಾದಲ್ಲಿ ಕೆಲಸದಲ್ಲಿದ್ದಾರೆ. ಈ ರಜೆಯಲ್ಲಿ ಇಬ್ಬರು ಮಕ್ಕಳು, ಅತ್ತೆ ಮತ್ತು ನಾನು ಅಲ್ಲಿಗೆ ಹೋಗುತ್ತಿದ್ದೇವೆ. ಅಲ್ಲಿನ ಇಸ್ಲಾಮಿಕ್ ಕಲೆಯ ಮ್ಯೂಸಿಯಂ ನೋಡುವ ಆಸೆ ಇದೆ. ಗಂಡ ಮೊಬೈಲಿಗೆ ಒಂದು ಫೋಟೋ ಕಳಿಸಿದ್ದರು. ನೀಲಿ ಪುಟ, ಚಿನ್ನದ ಅಕ್ಷರ. ಹಳೇ ಕಾಲದ ಕುರ್‌ಆನ್ ಅಂತೆ. ನಾನು ಮದ್ರಸದಲ್ಲಿ ಕಲಿತವಳು, ಎಷ್ಟೋ ಸಲ ಖತಂ ಮಾಡಿದ್ದೇನೆ, ಅಂದರೆ ಕುರ್‌ಆನ್ ಪೂರ್ತಿ ಓದಿ ಮುಗಿಸಿದ್ದೇನೆ. ಆದರೆ ಆ ಪುಟದಲ್ಲಿ ಒಂದು ಪದವನ್ನೂ ಓದಲಾಗಲಿಲ್ಲ. ಚುಕ್ಕಿಯೇ ಇಲ್ಲ. ಮಗ ನೋಡಿ "ಇದು ಬೇರೆ ಕುರ್‌ಆನಾ ಉಮ್ಮಾ?" ಎಂದು ಕೇಳಿದ. ಅವನಿಗೆ ಏನು ಹೇಳಲಿ? ಓದಲು ಬಾರದಿದ್ದರೆ ಹೋಗಿ ನೋಡಿ ಪ್ರಯೋಜನವೇನು? ಅಲ್ಲಿಗೆ ವುಳೂ (ನಮಾಝಿಗೆ ಮುಂಚೆ ಕೈಕಾಲು, ಮುಖ ತೊಳೆಯುವ ಶುದ್ಧಿ) ಮಾಡಿಯೇ ಹೋಗಬೇಕೇ? ಇನ್ನೊಂದು ವಿಷಯ. ಅತ್ತೆಯ ತಾಯಿಯ ಕಾಲದ ಮುಸ್‌ಹಫ್ (ಕುರ್‌ಆನ್ ಪ್ರತಿ) ಒಂದು ಮನೆಯಲ್ಲಿದೆ. ಪುಟ ಮುಟ್ಟಿದರೆ ಮುರಿಯುತ್ತದೆ. ಅದನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಮಗನ ಪ್ರಶ್ನೆಯಿಂದಲೇ ಶುರು ಮಾಡೋಣ. ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಅದು ಬೇರೆ ಕುರ್‌ಆನ್ ಅಲ್ಲ. ನೀವು ಮದ್ರಸದಲ್ಲಿ ಓದಿದ್ದೇ ಅದು. ಬದಲಾಗಿರುವುದು ಬರೆಯುವ ಕ್ರಮ. ನಿಮ್ಮ ಕಣ್ಣಿಗೆ ಅಭ್ಯಾಸವಾಗಿರುವ ಚುಕ್ಕಿ, ಫತ್‌ಹ್, ಕಸ್ರ್, ಳಮ್ಮ್, ಶದ್ದ್ (ಅ, ಇ, ಉ ಸ್ವರಗಳ ಮತ್ತು ಅಕ್ಷರ ಇಮ್ಮಡಿಯಾಗುವ ಗುರುತುಗಳು) ಇವೆಲ್ಲ ಓದುವವರಿಗೆ ಸುಲಭವಾಗಲಿ ಎಂದು ನಿಧಾನವಾಗಿ ಸೇರಿಕೊಂಡು, ಗಟ್ಟಿಯಾದವು. ಮೊದಲಿನ ಕಾಲದ ಪುಟಗಳಲ್ಲಿ ಅಕ್ಷರದ ಎಲುಬು ಮಾತ್ರ ಇರುತ್ತದೆ. ಬಾ, ತಾ, ಥಾ, ನೂನ್, ಯಾ ಐದೂ ಪದದ ಮಧ್ಯೆ ಬಂದರೆ ಒಂದೇ ಹಲ್ಲು. ಜೀಮ್, ಹಾ, ಖಾ ಮೂರಕ್ಕೂ ಒಂದೇ ಆಕಾರ. ಚುಕ್ಕಿ ತೆಗೆದರೆ ಸೀನ್ ಯಾವುದು, ಶೀನ್ ಯಾವುದು ಎಂದು ಹೇಳುವವರು ಯಾರು?

ಹಾಗಂತ ಆ ಕಾಲದವರಿಗೆ ಚುಕ್ಕಿಯೇ ಗೊತ್ತಿರಲಿಲ್ಲ ಎಂದಲ್ಲ. ಹಿಜರಿ 22ರ, ಅಂದರೆ ಕ್ರಿ.ಶ. 643ರ ಒಂದು ಪಪೈರಸ್ ಚೀಟಿ ಈಜಿಪ್ಟಿನಲ್ಲಿ ಸಿಕ್ಕಿದೆ. ಈಗ ವಿಯೆನ್ನಾದಲ್ಲಿದೆ. ಸೈನ್ಯಕ್ಕೆ ಕುರಿ ಪಡೆದದ್ದಕ್ಕೆ ಬರೆದುಕೊಟ್ಟ ರಸೀದಿ ಅದು. ಅದರಲ್ಲಿ ಕೆಲವು ಅಕ್ಷರಗಳಿಗೆ ಚುಕ್ಕಿ ಇದೆ. ಕುರಿಯ ಲೆಕ್ಕಕ್ಕೆ ಚುಕ್ಕಿ ಹಾಕಿದವರು ಕುರ್‌ಆನಿನ ಪುಟಗಳಲ್ಲಿ ಅದನ್ನು ಅಷ್ಟು ಕಡಿಮೆ ಬಳಸಿದ್ದು ಏಕೆ? ನನಗೆ ಸರಿ ಅನಿಸುವ ಉತ್ತರ ಇದು: ರಸೀದಿ ಓದುವವನಿಗೆ ಒಳಗೇನಿದೆ ಎಂದು ಮೊದಲೇ ಗೊತ್ತಿರುವುದಿಲ್ಲ. ಕುರ್‌ಆನ್ ಓದುವವನಿಗೆ ಗೊತ್ತಿರುತ್ತದೆ. ಅವನು ಅದನ್ನು ಉಸ್ತಾದರ ಬಾಯಿಂದ ಕೇಳಿ, ಹೇಳಿ, ಬಾಯಿಪಾಠ ಮಾಡಿದವನು. ಪುಟ ಇದ್ದದ್ದು ನೆನಪಿಗೆ ಆಧಾರವಾಗಿ.

ಇದು ನಮಗೆ ತೀರಾ ಹೊಸದೇನಲ್ಲ. ಹಳೆಯ ಕನ್ನಡ ಶಾಸನಗಳಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಕಾಣುವುದಿಲ್ಲ. ಭಾಷೆ ಬಲ್ಲವನು ಜಾಗ ನೋಡಿ ಹ್ರಸ್ವವೋ ದೀರ್ಘವೋ ಎಂದು ಓದಿಕೊಳ್ಳುತ್ತಿದ್ದ. ಇವತ್ತು ನಾವು ಹಲ್ಮಿಡಿ ಶಾಸನದ ಮುಂದೆ ನಿಂತರೆ ಒಂದು ಸಾಲೂ ಓದಲಾರೆವು. ಆದರೂ ಅದು ಕನ್ನಡವೇ ಅಲ್ವಾ?

ಈಗ "ನೋಡಿ ಪ್ರಯೋಜನವೇನು" ಎಂಬ ಪ್ರಶ್ನೆ. ಇದನ್ನು ನೀವು ತಿರುಗಿಸಿ ಕೇಳಬೇಕು. ಆ ಪುಟಗಳ ಮುಂದೆ ನಿಂತು ಏನಾದರೂ ಓದಿಕೊಳ್ಳುವ ಅವಕಾಶ ಬೇರೆಯವರಿಗಿಂತ ನಿಮಗೇ ಜಾಸ್ತಿ. ಅರಬಿ ಪತ್ರಿಕೆಯನ್ನು ಸರಾಗವಾಗಿ ಓದುವವರೂ ಆ ಲಿಪಿಯ ಮುಂದೆ ತಡವರಿಸುತ್ತಾರೆ. ಸೂರತ್ (ಕುರ್‌ಆನಿನ ಅಧ್ಯಾಯ) ಬಾಯಿಪಾಠ ಇರುವವರು ತಡವರಿಸುವುದು ಸ್ವಲ್ಪ ಹೊತ್ತು ಮಾತ್ರ. ನಿಮ್ಮ ಅತ್ತೆಗೆ ಯಾಸೀನ್ ಬಾಯಿಪಾಠ ಇರಬಹುದು, ಹಾಗಿದ್ದರೆ ಗುಂಪಿನಲ್ಲಿ ಅವರೇ ಮುಂದೆ.

ಮಾಡಬೇಕಾದದ್ದು ಇಷ್ಟು. ಪುಟದ ಪಕ್ಕದ ಲೇಬಲ್ಲಿನಲ್ಲಿ ಅದು ಯಾವ ಸೂರತ್, ಎಷ್ಟನೇ ಆಯತ್ತಿನಿಂದ (ವಚನದಿಂದ) ಎಷ್ಟನೆಯದರವರೆಗೆ ಎಂದು ಸಾಮಾನ್ಯವಾಗಿ ಬರೆದಿರುತ್ತಾರೆ. ಮೊಬೈಲಿನಲ್ಲಿ ಅದೇ ಆಯತ್ ತೆರೆಯಿರಿ. ಮೇಲಿನ ಸಾಲಿನಿಂದಲೇ ಶುರು ಮಾಡಬೇಡಿ. ಪುಟದಲ್ಲಿ ಮೊದಲು "ಅಲ್ಲಾಹ್" ಎಂಬ ಪದ ಹುಡುಕಿ. ಎರಡು ಎತ್ತರದ ಲಾಮ್, ಕೊನೆಗೆ ಸಣ್ಣ ಹಾ. ಕುರ್‌ಆನಿನಲ್ಲಿ ಅಷ್ಟು ಸಲ ಬರುವ ಪದ ಇನ್ನೊಂದು ಸಿಗುವುದು ಕಷ್ಟ. ಚುಕ್ಕಿ ಇದ್ದರೂ ಇಲ್ಲದಿದ್ದರೂ ಅದರ ರೂಪ ಒಂದೇ. ಅದು ಸಿಕ್ಕಿದರೆ ಎಡಕ್ಕೆ ಒಂದು ಪದ, ಬಲಕ್ಕೆ ಒಂದು ಪದ ಮೊಬೈಲಿನಲ್ಲಿ ನೋಡಿ ಹೊಂದಿಸುತ್ತಾ ಹೋಗಿ. ಎರಡು ಸಾಲು ಮುಗಿಯುವಷ್ಟರಲ್ಲಿ ಆ ಬರಹಗಾರ ಕಾಫ್ ಹೇಗೆ ಬರೆಯುತ್ತಾನೆ, ಮೀಮ್ ಹೇಗೆ ಬರೆಯುತ್ತಾನೆ ಎಂಬುದು ಗೊತ್ತಾಗುತ್ತದೆ. ಆಮೇಲೆ ಮಕ್ಕಳು ನಿಮ್ಮನ್ನು ಮುಂದಿನ ಪುಟಕ್ಕೆ ಬಿಡುವುದಿಲ್ಲ.

ಸೂರತ್ ಶುರುವಾಗುವ ಪುಟ ಸಿಕ್ಕಿದರೆ ಇನ್ನೂ ಸುಲಭ, ಬಿಸ್ಮಿ, ಅಂದರೆ ಅಲ್ಲಾಹನ ಹೆಸರು ಹೇಳಿ ಶುರು ಮಾಡುವ ಸಾಲು, ಇರುತ್ತದೆ. ಒಂಬತ್ತನೆಯ ಸೂರತ್ ತೌಬಾ ಒಂದಕ್ಕೆ ಮಾತ್ರ ಇರುವುದಿಲ್ಲ. ಅದು ನಿಮಗೆ ಗೊತ್ತಿರುವುದೇ.

ಕೆಲವು ಸಂಗತಿಗಳಿಗೆ ಸಿದ್ಧರಾಗಿ ಹೋಗಿ. ಕೂಫಿ ಎಂದು ಕರೆಯುವ ಈ ಹಳೆಯ ಬರಹದಲ್ಲಿ ಪದವನ್ನು ಸಾಲಿನ ಕೊನೆಯಲ್ಲಿ ಮುರಿದು ಮುಂದಿನ ಸಾಲಿಗೆ ಹಾಕುತ್ತಾರೆ. ಮದ್ರಸದಲ್ಲಿ ಹಾಗೆ ಬರೆದಿದ್ದರೆ ಉಸ್ತಾದರು ಸುಮ್ನೆ ಬಿಡುತ್ತಿರಲಿಲ್ಲ. ಇಲ್ಲಿ ಅದು ತಪ್ಪಲ್ಲ. ಜಾಗ ತುಂಬಿಸಲು ಒಂದು ದಾಲನ್ನೋ ಕಾಫನ್ನೋ ಅರ್ಧ ಸಾಲಿನುದ್ದಕ್ಕೂ ಎಳೆದುಬಿಟ್ಟಿರುತ್ತಾರೆ. ಪುಟದ ಆಕಾರವೂ ಬೇರೆ, ಎತ್ತರಕ್ಕಿಂತ ಅಗಲ ಜಾಸ್ತಿ. ಎಂಟನೇ ಶತಮಾನದ ಕೊನೆಯಿಂದ ಹತ್ತನೇ ಶತಮಾನದವರೆಗೆ ಬರೆದ ಹೆಚ್ಚಿನ ಕೂಫಿ ಮುಸ್‌ಹಫ್‌ಗಳು ಹೀಗೆ ಅಡ್ಡಪಟ್ಟಿಯಾಗಿಯೇ ಇವೆ.

ಅಲ್ಲಲ್ಲಿ ಕೆಂಪು ಚುಕ್ಕಿ ಕಂಡರೆ ಅವನ್ನು ಅಕ್ಷರದ ಚುಕ್ಕಿ ಎಂದುಕೊಳ್ಳಬೇಡಿ. ಹೆಚ್ಚಿನವರು ಮೋಸ ಹೋಗುವುದು ಇಲ್ಲೇ. ಅವು ಸ್ವರದ ಗುರುತುಗಳು. ಅಕ್ಷರದ ಮೇಲಿದ್ದರೆ ಫತ್‌ಹ್, ಕೆಳಗಿದ್ದರೆ ಕಸ್ರ್, ಪಕ್ಕದಲ್ಲಿದ್ದರೆ ಳಮ್ಮ್. ಎರಡೆರಡು ಇದ್ದರೆ ತನ್‌ವೀನ್, ಅಂದರೆ ಕೊನೆಗೆ 'ನ್' ಉಚ್ಚಾರ. ಈ ಕ್ರಮವನ್ನು ಬಸ್ರಾದ ಅಬುಲ್ ಅಸ್ವದ್ ಅದ್ದುಅಲೀ ಅವರ ಹೆಸರಿಗೆ ಹೇಳುತ್ತಾರೆ. ಅವರು ತೀರಿಕೊಂಡದ್ದು ಹಿಜರಿ 69ರಲ್ಲಿ. ಅಕ್ಷರಗಳನ್ನು ಬೇರೆ ಮಾಡುವ ಗುರುತನ್ನು ಕೂಫಿ ಪುಟಗಳಲ್ಲಿ ಸಣ್ಣ ಗೀರುಗಳಾಗಿ ಎಳೆದಿರುತ್ತಾರೆ, ಅದೂ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇವತ್ತಿನ ಫತ್‌ಹ್, ಕಸ್ರ್, ಳಮ್ಮ್ ರೂಪಗಳು ಎಂಟನೇ ಶತಮಾನದ ಖಲೀಲ್ ಇಬ್ನ್ ಅಹ್ಮದ್ ಅವರಿಂದ ಬಂದವು ಎಂದು ಪರಂಪರೆ ಹೇಳುತ್ತದೆ. ಅವರ ಕ್ರಮ ಮುಸ್‌ಹಫ್‌ನೊಳಗೆ ಪೂರ್ತಿಯಾಗಿ ಬಂದು ಕೂರಲು ಇನ್ನೂ ತುಂಬಾ ಕಾಲ ಹಿಡಿಯಿತು.

ಇನ್ನು ಆ ನೀಲಿ ಪುಟ. ಲೋಕದಲ್ಲಿ ಅದಕ್ಕೆ ನೀಲಿ ಕುರ್‌ಆನ್ ಎಂದೇ ಹೆಸರು. ಒಂಬತ್ತು ಅಥವಾ ಹತ್ತನೇ ಶತಮಾನದ್ದು. ಕುರಿಚರ್ಮದ ಹಾಳೆಗೆ ನೀಲಿ ಬಣ್ಣ ಹಾಕಿ, ಅದರ ಮೇಲೆ ಚಿನ್ನದಲ್ಲಿ ಬರೆದದ್ದು. ಎಲ್ಲಿ ಬರೆದರು ಎಂಬುದರ ಬಗ್ಗೆ ವಿದ್ವಾಂಸರು ಇನ್ನೂ ವಾದ ಮಾಡುತ್ತಿದ್ದಾರೆ. ಟ್ಯುನೀಸಿಯಾದ ಕೈರವಾನ್ ಎನ್ನುವವರು ಹೆಚ್ಚು, ಸ್ಪೇನ್ ಅಥವಾ ಬಾಗ್ದಾದ್ ಎನ್ನುವವರೂ ಇದ್ದಾರೆ. ಮೂಲದಲ್ಲಿ ಸುಮಾರು 600 ಹಾಳೆ ಇದ್ದಿರಬೇಕು ಎಂದು ಲೆಕ್ಕ. ಇವತ್ತು ಸುಮಾರು 100 ಹಾಳೆಗಳು ಟ್ಯುನೀಸಿಯಾದಲ್ಲಿ ಮತ್ತು ಬೇರೆ ಬೇರೆ ದೇಶಗಳ ಮ್ಯೂಸಿಯಂಗಳಲ್ಲಿ ಹಂಚಿಹೋಗಿವೆ. ಇಷ್ಟು ಚಿನ್ನ ಸುರಿದ ಪುಸ್ತಕದಲ್ಲಿ ಸ್ವರದ ಗುರುತು ಒಂದೂ ಇಲ್ಲ. ಬರೆಸಿದವರಿಗೆ ಹಣದ ಕೊರತೆ ಇರಲಿಲ್ಲ ಎಂಬುದು ಸ್ಪಷ್ಟ. ಬೇಡ ಅಂತಲೇ ಬಿಟ್ಟದ್ದು.

ಆ ಪುಟದಲ್ಲಿ ಆಯತ್ತು ಮುಗಿಯುವ ಕಡೆ ಮಸುಕಾದ ಸಣ್ಣ ಕಲೆಯಂತೆ ಏನೋ ಕಾಣುತ್ತದೆ. ಕೊಳೆಯಲ್ಲ, ಬೆಳ್ಳಿಯ ಹೂವು. ಚಿನ್ನ ಸಾವಿರ ವರ್ಷ ಹೊಳೆಯಿತು, ಬೆಳ್ಳಿ ಕಪ್ಪಾಯಿತು. ಸಾಲುಗಳನ್ನೂ ಎಣಿಸಿ ನೋಡಿ, ಪುಟಕ್ಕೆ 15. ನಿಮ್ಮ ಮಕ್ಕಳು ಈಗ ಓದುತ್ತಿರುವುದು ಮದೀನಾದಲ್ಲಿ ಅಚ್ಚಾಗುವ, ಸಿರಿಯಾದ ಉಸ್ಮಾನ್ ತಾಹಾ ಅವರ ಕೈಬರಹದ ಮುಸ್‌ಹಫ್ ಆಗಿದ್ದರೆ ಅದರಲ್ಲೂ ಪುಟಕ್ಕೆ 15 ಸಾಲು. ಕಾಕತಾಳೀಯವೇ, ಆದರೂ ಮಕ್ಕಳಿಗೆ ಹೇಳಲು ಚೆನ್ನಾಗಿದೆ.

ದೋಹಾ ಮ್ಯೂಸಿಯಂನ ಸಂಗ್ರಹದಲ್ಲಿ ನೀಲಿ ಕುರ್‌ಆನಿನ ಹಾಳೆ ಇದೆ. ಆದರೆ ನೀವು ಹೋದ ದಿನ ಅದು ಹೊರಗೆ ಇಟ್ಟಿರುತ್ತದೆ ಎಂದು ಯಾರೂ ಮಾತು ಕೊಡಲಾರರು. ಹಸ್ತಪ್ರತಿಗೆ ಬೆಳಕೇ ಶತ್ರು. ಕೆಲವು ತಿಂಗಳು ಇಟ್ಟು ಒಳಗೆ ತೆಗೆದು ಕತ್ತಲಲ್ಲಿ ಇಡುವುದು ಎಲ್ಲ ಒಳ್ಳೆಯ ಮ್ಯೂಸಿಯಂಗಳ ಕ್ರಮ. ಅದಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ನನ್ನನ್ನು ಕೇಳಿದರೆ ಕಲಿಯಲು ಅದಕ್ಕಿಂತ ಕಂದು ಮಸಿಯ ಸಾದಾ ಪುಟಗಳೇ ಒಳ್ಳೆಯವು. ನೀಲಿ ಕುರ್‌ಆನಿನ ಮುಂದೆ ಜನ ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ. ಸಾದಾ ಪುಟದ ಮುಂದೆ ಜಾಗ ಖಾಲಿ ಇರುತ್ತದೆ, ಮನುಷ್ಯನ ಕೈ ಕೂಡ ಚೆನ್ನಾಗಿ ಕಾಣುತ್ತದೆ.

ಆ ಕಂದು ಮಸಿ ಏನು ಗೊತ್ತೇ? ಹೆಚ್ಚಿನ ಕಡೆ ಅದು ಮಾಚಿಕಾಯಿಯದು. ಬಾಣಂತಿ ಮದ್ದಿಗೆ, ಕೂಸಿಗೆ ತೇದು ಕೊಡಲು ನಮ್ಮ ಮನೆಗಳಲ್ಲಿ ತರಿಸುವ ಅದೇ ಮಾಚಿಕಾಯಿ. ಓಕ್ ಮರದ ಮೇಲೆ ಒಂದು ಜಾತಿಯ ಹುಳ ಮೊಟ್ಟೆ ಇಟ್ಟಾಗ ಏಳುವ ಗಂಟು ಅದು. ಅದರ ಕಷಾಯಕ್ಕೆ ಅನ್ನಭೇದಿ ಹಾಕಿದರೆ ಕಪ್ಪು ಮಸಿ. ಅನ್ನಭೇದಿ ಎಂದರೆ ಕಬ್ಬಿಣದ ಲವಣ. ಕಾಲ ಕಳೆದಂತೆ ಕಪ್ಪು ಕಂದಾಗುತ್ತದೆ. ದೀಪದ ಮಸಿಗೆ ಗೋಂದು ಸೇರಿಸಿದ ಇನ್ನೊಂದು ಶಾಯಿಯೂ ಇತ್ತು, ಅದು ಕಪ್ಪಾಗಿಯೇ ಉಳಿಯುತ್ತದೆ. ನಮ್ಮ ಓಲೆಗರಿಯಲ್ಲಿ ಕಂಠದಿಂದ ಕೊರೆದ ಗೆರೆಗೆ ತುಂಬುತ್ತಿದ್ದದ್ದೂ ಇಂಥ ಮಸಿಯೇ. ಕಾಗದದ ಕಾಲ ಬಂದ ಮೇಲಿನ ಮುಸ್‌ಹಫ್‌ಗಳಲ್ಲಿ ಅಚ್ಚ ಕಪ್ಪು ಅಕ್ಷರ ಜಾಸ್ತಿ ಕಾಣುವುದು ಅದಕ್ಕೇ.

ಚರ್ಮದ ಹಾಳೆಯಲ್ಲೂ ಒಂದು ನೋಟ ಇದೆ. ಹಾಳೆಯ ಒಂದು ಬದಿ ಕುರಿಯ ಕೂದಲಿದ್ದ ಕಡೆ, ಇನ್ನೊಂದು ಮಾಂಸದ ಕಡೆ. ಕೂದಲಿನ ಕಡೆ ಸ್ವಲ್ಪ ಹಳದಿ, ಮಸಿ ಚೆನ್ನಾಗಿ ಹಿಡಿಯುತ್ತದೆ. ಮಾಂಸದ ಕಡೆ ಬಿಳಿ, ನುಣುಪು. ಅಲ್ಲಿ ಮಸಿ ಪದರ ಪದರವಾಗಿ ಉದುರಿಹೋಗಿರುತ್ತದೆ. ಎದುರು ಬದುರಿನ ಎರಡು ಪುಟಗಳಲ್ಲಿ ಒಂದು ಗಟ್ಟಿಯಾಗಿ, ಇನ್ನೊಂದು ಸವೆದಂತೆ ಕಂಡರೆ ಬರೆದವನನ್ನು ಬೈಯಬೇಡಿ.

ಕೂಫಿ ಪುಟಗಳನ್ನು ದಾಟಿ ಮುಂದೆ ಹೋದಂತೆ ಒಂದು ಜಾಗದಲ್ಲಿ ಇದ್ದಕ್ಕಿದ್ದಂತೆ ನಿಮಗೆ ಓದಲು ಬರತೊಡಗುತ್ತದೆ. ಇದು ನಿಮ್ಮ ಭೇಟಿಯ ಅತ್ಯಂತ ಖುಷಿಯ ಕ್ಷಣ ಆಗಬಹುದು. ಅದರ ಹಿಂದಿನ ಕಥೆ ಹೀಗೆ. ಎಂಟನೇ ಶತಮಾನದ ನಂತರ ಬಾಗ್ದಾದಿನಲ್ಲಿ ಕಾಗದ ಹರಡಿತು. ಕಚೇರಿಯ ಗುಮಾಸ್ತರು ಬಳಸುತ್ತಿದ್ದ ದುಂಡನೆಯ, ವೇಗದ ಬರಹವನ್ನು ಅಳತೆಗೆ ತಂದವರು ಇಬ್ನ್ ಮುಕ್ಲಾ. ಅಬ್ಬಾಸಿ ಖಲೀಫರ ವಜೀರ್ ಆಗಿದ್ದವರು. ಕಲಮಿನ ತುದಿ ಊರಿದಾಗ ಬೀಳುವ ಒಂದು ಚುಕ್ಕಿಯೇ ಅಳತೆಗೋಲು. ಅಲಿಫ್ ಇಷ್ಟು ಚುಕ್ಕಿ ಎತ್ತರ, ಅದನ್ನೇ ವ್ಯಾಸವಾಗಿಟ್ಟ ವೃತ್ತದೊಳಗೆ ಉಳಿದ ಅಕ್ಷರಗಳ ಬಾಗು. ರಾಜಕೀಯದ ಜಗಳದಲ್ಲಿ ಅವರ ಬಲಗೈ ಕಡಿಸಿದರು. 940ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡರು. ಅವರ ದಾರಿಯಲ್ಲಿ ನಡೆದ ಇಬ್ನುಲ್ ಬವ್ವಾಬ್ ಹಿಜರಿ 391ರಲ್ಲಿ, ಅಂದರೆ 1000–01ರಲ್ಲಿ, ಬಾಗ್ದಾದಿನಲ್ಲಿ ಬರೆದ ಮುಸ್‌ಹಫ್ ಈಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಕಾಗದ, ದುಂಡನೆಯ ನಸ್ಖ್ ಲಿಪಿ, ನಿಂತ ಪುಟ, ಎಲ್ಲ ಚುಕ್ಕಿ, ಎಲ್ಲ ಸ್ವರ. ಮದ್ರಸದ ಹುಡುಗ ಅದನ್ನು ಇವತ್ತು ಕೈಗೆ ಕೊಟ್ಟರೂ ಓದುತ್ತಾನೆ. ಅದು ದೋಹಾದಲ್ಲಿಲ್ಲ, ಆದರೆ ಆ ದಾರಿಯಲ್ಲಿ ಬಂದ ಮುಸ್‌ಹಫ್‌ಗಳು ಎಲ್ಲ ಮ್ಯೂಸಿಯಂಗಳಲ್ಲೂ ಇವೆ.

ಓದಲು ಬರತೊಡಗಿದ ಮೇಲೆ ಮತ್ತೆ ಒಂದು ಕಡೆ ಎಡವುತ್ತೀರಿ, ಮೊರಾಕೊ, ಟ್ಯುನೀಸಿಯಾ ಕಡೆಯ ಮಗ್ರಿಬಿ ಲಿಪಿಯ ಮುಂದೆ. ಅಲ್ಲಿ ಫಾದ ಚುಕ್ಕಿ ಕೆಳಗೆ. ಕಾಫ್‌ಗೆ, ಅಂದರೆ ಎರಡು ಚುಕ್ಕಿಯ ಕಾಫ್‌ಗೆ, ಮೇಲೆ ಒಂದೇ ಚುಕ್ಕಿ. ಹಾಗಾಗಿ ಅವರ ಕಾಫ್ ನಮಗೆ ಫಾ ಅನಿಸುತ್ತದೆ. ಮಗ ಮತ್ತೆ "ಬೇರೆ ಕುರ್‌ಆನಾ?" ಎಂದು ಕೇಳುವ ಮೊದಲೇ ಇದನ್ನು ಹೇಳಿಡಿ.

ನಮ್ಮ ದೇಶದ್ದೇ ಆದ ಒಂದು ಬರಹವೂ ಇದೆ, ಬಿಹಾರಿ ಲಿಪಿ. ಅಡ್ಡ ಗೆರೆಗಳು ದಪ್ಪವಾಗಿ ಉಬ್ಬಿ ಕೊನೆಯಲ್ಲಿ ಚೂಪಾಗುತ್ತವೆ. ಬಣ್ಣವೋ ಬಣ್ಣ. ಇದರಲ್ಲಿ ಹೆಸರಾದದ್ದು 1399ರಲ್ಲಿ ಗ್ವಾಲಿಯರ್ ಕೋಟೆಯಲ್ಲಿ ಬರೆದು ಮುಗಿಸಿದ ಮುಸ್‌ಹಫ್. ತೈಮೂರ್ ದೆಹಲಿಯನ್ನು ಸೂರೆ ಮಾಡಿದ ಮರುವರ್ಷ. ಈಗ ಟೊರೊಂಟೊದ ಆಗಾ ಖಾನ್ ಮ್ಯೂಸಿಯಂನಲ್ಲಿದೆ. ಲೇಬಲ್ಲಿನಲ್ಲಿ "ಬಿಹಾರಿ" ಎಂದು ಕಂಡರೆ ದಾಟಿ ಹೋಗಬೇಡಿ. ಇರಾನ್, ತುರ್ಕಿಯ ನಯವಾದ ಪುಟಗಳ ನಡುವೆ ಅದು ಒರಟಾಗಿ ಕಾಣುತ್ತದೆ ಎಂದು ಹಿಂದಿನ ಪಂಡಿತರು ಮೂಗು ಮುರಿದದ್ದುಂಟು. ನನಗೆ ಮಾತ್ರ ಅದರ ಧೈರ್ಯ ಇಷ್ಟ.

ಪುಟದ ಅಂಚನ್ನೂ ನೋಡಿ. ಸಣ್ಣ ಚಿನ್ನದ ಹೂವು ಇದ್ದರೆ ಆಯತ್ತಿನ ಕೊನೆ. ಐದು ಆಯತ್ತಿಗೊಮ್ಮೆ ಹನಿಯಾಕಾರದ ಗುರುತು, ಹತ್ತಕ್ಕೊಮ್ಮೆ ದುಂಡನೆಯ ಗುರುತು ಹಾಕುವುದು ಸಾಮಾನ್ಯ ಪದ್ಧತಿ. ಜುಝ್‌ಅ್ (ಕುರ್‌ಆನಿನ ಮೂವತ್ತು ಭಾಗಗಳಲ್ಲಿ ಒಂದು), ಸಜ್‌ದಾ (ಓದುವಾಗ ಹಣೆ ನೆಲಕ್ಕಿಡುವ ಜಾಗ) ಗುರುತುಗಳೂ ಅಂಚಿನಲ್ಲೇ. ಆಯತ್ತಿನ ಎಣಿಕೆ ನಿಮ್ಮ ಮೊಬೈಲಿಗಿಂತ ಒಂದೆರಡು ಆಚೀಚೆ ಆದರೆ ಗಾಬರಿಯಾಗಬೇಡಿ. ಹಿಂದೆ ಕೂಫಾ, ಬಸ್ರಾ, ಮದೀನಾದವರು ಆಯತ್ ಎಲ್ಲಿ ಮುಗಿಯುತ್ತದೆ ಎಂದು ಲೆಕ್ಕ ಹಾಕುವ ಕ್ರಮ ಬೇರೆ ಬೇರೆ ಇತ್ತು. ಮಾತು ಅದೇ, ನಿಲ್ಲಿಸುವ ಜಾಗ ಬೇರೆ.

ಮಕ್ಕಳಿಗೆ ಕಥೆ ಬೇಕಲ್ವಾ? ಉಮರ್ ಅಕ್ತಾ ಎಂಬ ಬರಹಗಾರ ತೈಮೂರನಿಗೆ ಒಂದು ಪುಟ್ಟ ಕುರ್‌ಆನ್ ಬರೆದುಕೊಟ್ಟನಂತೆ. ಉಂಗುರದ ಮುದ್ರೆಯ ಅಡಿಗೆ ಹಿಡಿಸುವಷ್ಟು ಚಿಕ್ಕದು. ತೈಮೂರ್ ತಿರುಗಿಯೂ ನೋಡಲಿಲ್ಲ. ಉಮರ್ ಹೋಗಿ, ಗಾಡಿಯಲ್ಲಿ ಹೇರಿ ತರಬೇಕಾದಷ್ಟು ದೊಡ್ಡದೊಂದನ್ನು ಬರೆದು ತಂದನಂತೆ. ಆಗ ತೈಮೂರ್ ಬಾಗಿಲವರೆಗೆ ಬಂದು ಬರಮಾಡಿಕೊಂಡ. ಕಥೆ ಎಷ್ಟು ನಿಜವೋ, ಆ ದೈತ್ಯ ಕುರ್‌ಆನಿನ ಪುಟಗಳು ಮಾತ್ರ ನಿಜ. ಸುಮಾರು 1400ರ ಹೊತ್ತಿನವು, ಒಂದೂಮುಕ್ಕಾಲು ಮೀಟರ್ ಎತ್ತರ, ಪುಟಕ್ಕೆ ಏಳೇ ಸಾಲು. ಪುಸ್ತಕ ಬಿಚ್ಚಿಹೋಗಿ ಹಾಳೆ, ತುಂಡುಗಳು ಹಲವು ದೇಶಗಳಿಗೆ ಹಂಚಿಹೋಗಿವೆ. ಎಲ್ಲಾದರೂ ಕಂಡರೆ ಮಗನನ್ನು ಪಕ್ಕದಲ್ಲಿ ನಿಲ್ಲಿಸಿ ನೋಡಿ, ಪುಟವೇ ಎತ್ತರ.

ಹಂಚಿಹೋಗುವ ವಿಷಯ ಬಂತು. ಇಷ್ಟು ಪುಟಗಳು ಬಿಡಿಬಿಡಿಯಾಗಿ ಏಕಿವೆ ಎಂದು ನಿಮಗೂ ಅನಿಸಬಹುದು. ಕೆಲವು ತಾವಾಗಿಯೇ ಬಿಚ್ಚಿಕೊಂಡವು. ಆದರೆ ಹೋದ ಶತಮಾನದ ಮೊದಲ ಭಾಗದಲ್ಲಿ ವ್ಯಾಪಾರಿಗಳು ಇಡೀ ಪುಸ್ತಕವನ್ನು ಬಿಚ್ಚಿ ಹಾಳೆ ಲೆಕ್ಕದಲ್ಲಿ ಮಾರಿದ್ದೂ ಇದೆ. ಪುಸ್ತಕಕ್ಕಿಂತ ಹಾಳೆಗಳಿಗೆ ದುಡ್ಡು ಜಾಸ್ತಿ. ಹಸ್ತಪ್ರತಿಗಳ ಕೆಲಸ ಮಾಡುವವನಾಗಿ ನನಗೆ ಇದನ್ನು ತಣ್ಣಗೆ ಹೇಳಲು ಬರುವುದಿಲ್ಲ.

ಈಗ ವುಳೂ ವಿಷಯ. ಮ್ಯೂಸಿಯಂನಲ್ಲಿ ಎಲ್ಲ ಪುಟಗಳೂ ಗಾಜಿನೊಳಗೆ. ಯಾರೂ ಮುಟ್ಟುವ ಪ್ರಶ್ನೆಯೇ ಇಲ್ಲ. ಮ್ಯೂಸಿಯಂ ಕಡೆಯಿಂದ ಅಂಥ ನಿಯಮ ಏನೂ ಇಲ್ಲ, ಎಲ್ಲ ಧರ್ಮದವರೂ ಬಂದು ನೋಡುತ್ತಾರೆ. ಧರ್ಮದ ಪ್ರಕಾರ ಹೇಗೆ ಎಂಬುದನ್ನು ನಿಮ್ಮ ಪಳ್ಳಿಯ ಉಸ್ತಾದರಲ್ಲಿ ಕೇಳಿಕೊಳ್ಳಿ, ಅದು ನನ್ನ ಕ್ಷೇತ್ರವಲ್ಲ. ನಮಾಝಿಗೆ ಜಾಗ ಅಲ್ಲೇ ಇದೆ. ಅತ್ತೆ ಕುರ್‌ಆನ್ ಇರುವ ಕೋಣೆ ಎಂದು ಚಪ್ಪಲಿ ಬಿಚ್ಚಲು ಹೊರಡಬಹುದು. ಅದು ಮಸೀದಿಯಲ್ಲ, ಹಾಕಿಕೊಂಡೇ ಇರಲಿ. ನೆಲ ತಣ್ಣಗಿರುತ್ತದೆ, ಏಸಿ ಜೋರಾಗಿರುತ್ತದೆ. ವಯಸ್ಸಾದವರಿಗೆ ಒಂದು ಶಾಲು ಜೊತೆಗಿರಲಿ.

ಕೋಣೆಯೊಳಗೆ ಹೋದ ತಕ್ಷಣ ತುಂಬಾ ಕತ್ತಲು ಅನಿಸುತ್ತದೆ. ಹಸ್ತಪ್ರತಿಗಳಿಗೆ ಸಾಮಾನ್ಯವಾಗಿ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬಿಡುವುದಿಲ್ಲ, ಮನೆಯ ಮಂದ ದೀಪದಷ್ಟೇ. ಒಂದೆರಡು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ. ಫೋಟೋಗೆ ಅನುಮತಿ ಇರುವ ಕಡೆಯೂ ಫ್ಲ್ಯಾಷ್ ಬೇಡ. ಮಕ್ಕಳ ಮೊಬೈಲಿನಲ್ಲಿ ಅದನ್ನು ಮೊದಲೇ ಆಫ್ ಮಾಡಿಡಿ.

ಮ್ಯೂಸಿಯಂ ದೊಡ್ಡದು. ಎಲ್ಲವನ್ನೂ ನೋಡಲು ಹೋದರೆ ಏನೂ ನೋಡಿದಂತಾಗುವುದಿಲ್ಲ. ಒಳಗೆ ಹೋದ ಕೂಡಲೇ ಕುರ್‌ಆನ್ ಪುಟಗಳು ಯಾವ ಕಡೆ ಎಂದು ಕೌಂಟರಿನಲ್ಲಿ ಕೇಳಿ ಅಲ್ಲಿಗೇ ಹೋಗಿ, ದಣಿವಾಗುವ ಮೊದಲು. ನಾಲ್ಕೈದು ಪುಟ ಸರಿಯಾಗಿ ನೋಡಿದರೂ ಸಾಕು. ಆಮೇಲೆ ಉಳಿದದ್ದು. ಹತ್ತನೇ ಶತಮಾನದ ಇರಾನ್, ಸಮರ್ಕಂದ್ ಕಡೆಯ ಬಿಳಿ ಬಟ್ಟಲುಗಳ ಅಂಚಿನಲ್ಲಿ ಕಪ್ಪು ಕೂಫಿ ಬರಹ ಇರುತ್ತದೆ, ಗಾದೆಯೋ ಒಡೆಯನಿಗೆ ಹಾರೈಕೆಯೋ. ಈಜಿಪ್ಟಿನ ಮಮ್ಲೂಕರ ಕಾಲದ ಗಾಜಿನ ದೀಪಗಳ ಮೇಲೆ ಹೆಚ್ಚಾಗಿ ಸೂರತ್ ನೂರಿನ "ಅಲ್ಲಾಹು ನೂರುಸ್ಸಮಾವಾತಿ" ಆಯತ್ ಇರುತ್ತದೆ. ದೀಪದ ಮೇಲೆ ಬೆಳಕಿನ ಆಯತ್. ಇದನ್ನು ಅತ್ತೆಯೇ ಮಕ್ಕಳಿಗೆ ಓದಿ ಹೇಳಲಿ.

ಕಟ್ಟಡವನ್ನೂ ಮರೆಯಬೇಡಿ. 2008ರಲ್ಲಿ ತೆರೆದದ್ದು, ವಾಸ್ತುಶಿಲ್ಪಿ ಐ. ಎಂ. ಪೇ. ಆಗ ಅವರ ವಯಸ್ಸು 91. ಕೈರೋದ ಇಬ್ನ್ ತೂಲೂನ್ ಮಸೀದಿಯ ಅಂಗಳದಲ್ಲಿ ವುಳೂ ಮಾಡುವ ಕಾರಂಜಿಗೆ ಕಟ್ಟಿದ ಗುಮ್ಮಟದ ಮಂಟಪ ನೋಡಿ ಅವರಿಗೆ ಈ ಆಕಾರ ಹೊಳೆಯಿತಂತೆ. ದಡದಿಂದ ಸ್ವಲ್ಪ ದೂರದಲ್ಲಿ ಸಮುದ್ರ ತುಂಬಿಸಿ ದ್ವೀಪ ಮಾಡಿ ಕಟ್ಟಿದ್ದಾರೆ. ಬಿಸಿಲು ಇಳಿದ ಮೇಲೆ ಹೊರಗಿನ ಪಾರ್ಕಿನಲ್ಲಿ ಮಕ್ಕಳನ್ನು ಬಿಡಬಹುದು. ಶುಕ್ರವಾರ ಜುಮಾ ಮುಗಿದ ಮೇಲೆಯೇ ತೆರೆಯುವುದು. ಟಿಕೆಟ್, ಸಮಯ ಬದಲಾಗುತ್ತಾ ಇರುತ್ತದೆ, ನಿಮ್ಮ ಯಜಮಾನರು ಹಿಂದಿನ ದಿನ ಒಮ್ಮೆ ನೋಡಿಕೊಳ್ಳಲಿ.

ದೋಹಾಕ್ಕೆ ಹೋಗಲಾಗದ ಓದುಗರಿಗೂ ಒಂದು ಮಾತು. ಹೈದರಾಬಾದಿನ ಸಾಲಾರ್‌ಜಂಗ್ ಮ್ಯೂಸಿಯಂನಲ್ಲಿ ಒಳ್ಳೆಯ ಕುರ್‌ಆನ್ ಸಂಗ್ರಹ ಇದೆ. ಬಾಗ್ದಾದಿನ ಯಾಕೂತ್ ಮುಸ್ತಸಿಮಿ ಬರೆದದ್ದೆಂದು ಹೇಳುವ, ಮೊಗಲ್ ಬಾದಶಹರ ಸಹಿಗಳಿರುವ ಮುಸ್‌ಹಫ್ ಅಲ್ಲಿನ ಹೆಮ್ಮೆ. ವಿಜಯಪುರದ ಗೋಳಗುಮ್ಮಟದ ಎದುರಿನ ಮ್ಯೂಸಿಯಂ ಚಿಕ್ಕದು, ಆದರೆ ಅಲ್ಲಿಗೆ ಹೋದವರು ಇಬ್ರಾಹಿಂ ರೋಜಾದ ಗೋಡೆಗಳನ್ನೂ ನೋಡಿಯೇ ಬರಬೇಕು. ಕಲ್ಲಿನಲ್ಲಿ ಅಂಥ ಅಕ್ಷರ ಕರ್ನಾಟಕದಲ್ಲಿ ಬೇರೆ ಇಲ್ಲ. ಆದಿಲ್‌ಶಾಹಿಗಳ ಗ್ರಂಥಾಲಯದಲ್ಲಿ ಉಳಿದಿದ್ದ ಅರಬಿ ಹಸ್ತಪ್ರತಿಗಳು ಮಾತ್ರ 1853ರಲ್ಲಿ ಆಸಾರ್ ಮಹಲಿನಿಂದ ಲಂಡನ್ನಿಗೆ ಹೋದವು.

ಕೊನೆಗೆ ನಿಮ್ಮ ಮನೆಯ ಮುಸ್‌ಹಫ್. ನೋಡದೆ ಖಚಿತ ಹೇಳಲಾರೆ, ಆದರೆ ನಮ್ಮ ಕಡೆಯ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಮಲಬಾರಿನಲ್ಲಿ ಪೊನ್ನಾನಿ ಲಿಪಿ ಎಂದು ಕರೆಯುವ ದಪ್ಪ ಅಕ್ಷರದ ಮುಸ್‌ಹಫ್. ತಿರೂರಂಗಾಡಿ, ಪೊನ್ನಾನಿ ಕಡೆಯ ಪ್ರೆಸ್ಸುಗಳಲ್ಲಿ ಕಲ್ಲಚ್ಚಿನಲ್ಲಿ ಮುದ್ರಿಸಿದ್ದು. ಕಲ್ಲಚ್ಚಿನಲ್ಲಿ ಒಬ್ಬರು ಕೈಯಲ್ಲಿ ಬರೆದದ್ದನ್ನೇ ಕಲ್ಲಿಗೆ ಇಳಿಸಿ ಒತ್ತುತ್ತಿದ್ದರು. ಹಾಗಾಗಿ ಅಚ್ಚಾದ ಪುಸ್ತಕವೂ ಥೇಟ್ ಕೈಬರಹದಂತೆ ಕಾಣುತ್ತದೆ. ಇಲ್ಲಿನವರು ಕೈಬರಹವೆಂದು ನಂಬಿ ಜೋಪಾನ ಮಾಡಿದ ಎಷ್ಟೋ ಮುಸ್‌ಹಫ್‌ಗಳು ಕಲ್ಲಚ್ಚಿನವು. ಅದರಿಂದ ಬೆಲೆ ಕಡಿಮೆಯಾಗುವುದಿಲ್ಲ, ಆದರೆ ಆರೈಕೆ ಬದಲಾಗುತ್ತದೆ. ಆ ಕಾಲದ ಅಗ್ಗದ ಕಾಗದದಲ್ಲಿ ಹುಳಿ ಇರುತ್ತದೆ. ಅದು ಒಳಗಿಂದಲೇ ಕಾಗದವನ್ನು ತಿನ್ನುತ್ತದೆ. ನಿಮ್ಮ ಪುಟಗಳು ಮುರಿಯುತ್ತಿರುವುದು ಅದಕ್ಕೇ ಇರಬೇಕು.

ಮೊದಲಿಗೆ ಮಾಡಬಾರದ್ದು. ಸೆಲ್ಲೋ ಟೇಪ್ ಹಚ್ಚಬೇಡಿ, ಅದರ ಅಂಟು ಕಾಗದದೊಳಗೆ ಇಳಿದು ಕಲೆಯಾಗುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ಲ್ಯಾಮಿನೇಟ್ ಅಂತೂ ಮಾಡಿಸಲೇಬೇಡಿ, ಯಾರು ಎಷ್ಟೇ ಹೇಳಿದರೂ. ಬಿಸಿಲಿಗೆ ಇಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಆಟಿ ತಿಂಗಳ ಮಳೆಗೆ ಒಳಗೇ ಬೆವರಿ ಬೂಷ್ಟು ಹಿಡಿಯುತ್ತದೆ. ನುಸಿಗುಳಿಗೆಯನ್ನು ಪುಟಗಳ ನಡುವೆ ಹಾಕಬೇಡಿ.

ಪಿಷ್ಟ ಹೋಗುವಂತೆ ತೊಳೆದು ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಗಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿ ಇಡಿ, ನಿಲ್ಲಿಸಬೇಡಿ. ಪೆಟ್ಟಿಗೆ ಗೋಡೆಗೆ ತಾಗದ ಕಪಾಟಿನಲ್ಲಿರಲಿ. ನಮ್ಮ ಗೋಡೆಗಳು ಮಳೆಗಾಲದಲ್ಲಿ ನೀರು ಕುಡಿಯುತ್ತವೆ, ಗೆದ್ದಲೂ ಅಲ್ಲಿಂದಲೇ ಬರುತ್ತದೆ. ಮಳೆ ಪೂರ್ತಿ ಬಿಟ್ಟ ಮೇಲೆ, ಡಿಸೆಂಬರ್ ಹೊತ್ತಿಗೆ, ಒಮ್ಮೆ ತೆಗೆದು ಮೆತ್ತನೆಯ ಬ್ರಷ್ಷಿನಿಂದ ಧೂಳು ಸರಿಸಿ. ಆಗಲೇ ಕಿಟಕಿ ಪಕ್ಕದ ನೆರಳಿನ ಬೆಳಕಿನಲ್ಲಿ ಪ್ರತಿ ಪುಟದ ಫೋಟೋ ತೆಗೆದಿಟ್ಟುಕೊಳ್ಳಿ. ದಿನಾ ಓದಲು ಬೇರೆ ಮುಸ್‌ಹಫ್ ಬಳಸಿ. ಹುಳಿ ತೆಗೆಯುವುದು, ತೆಳು ಕಾಗದದಿಂದ ಒತ್ತಾಸೆ ಕೊಡುವುದು ತರಬೇತಿ ಇರುವವರ ಕೆಲಸ, ಮನೆಯಲ್ಲಿ ಆಗುವಂಥದ್ದಲ್ಲ.

ಮುರಿದು ಬಿದ್ದ ಚೂರುಗಳನ್ನು ಅತ್ತೆ ಮಣ್ಣು ಮಾಡಲು ತೆಗೆದಿಟ್ಟಿದ್ದರೆ ಸದ್ಯಕ್ಕೆ ತಡೆಯಿರಿ. ಯಮನಿನ ಸನಾದ ದೊಡ್ಡ ಮಸೀದಿಯಲ್ಲಿ 1972ರಲ್ಲಿ ಮಾಡು ರಿಪೇರಿ ಮಾಡುವಾಗ ಹೀಗೇ ಹಿಂದಿನವರು ಎಸೆಯದೆ ಮೇಲೆ ಇಟ್ಟಿದ್ದ ಸಾವಿರಾರು ತುಂಡುಗಳು ಸಿಕ್ಕವು. ಲೋಕದ ಅತಿ ಹಳೆಯ ಕುರ್‌ಆನ್ ಪುಟಗಳಲ್ಲಿ ಕೆಲವು ಅವುಗಳಲ್ಲಿದ್ದವು. ನಿಮ್ಮ ಚೂರುಗಳನ್ನು ಯಾವ ಪುಟದ್ದೆಂದು ಬರೆದು ಒಂದೊಂದು ಕಾಗದದ ಲಕೋಟೆಯಲ್ಲಿ ಹಾಕಿಡಿ. ಮತ್ತೆ ಕೊನೆಯ ಪುಟದ ಫೋಟೋ ಒಂದನ್ನು ಸ್ಪಷ್ಟವಾಗಿ ತೆಗೆದು ಕಳಿಸಿ. ಪ್ರೆಸ್ಸಿನ ಹೆಸರು, ಹಿಜರಿ ವರ್ಷ ಇದ್ದರೆ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ಅದನ್ನು ನೋಡಿದ ಮೇಲೆ ಮುಂದೆ ಏನು ಮಾಡಬಹುದು ಎಂದು ತಿಳಿಸುತ್ತೇನೆ.